ಆಜೀವ ಅಂದರೆ ಯಾರ ಜೀವ?

ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ ಎಂದು ಗಾದೆ. ನನ್ನ ವಿಷಯದಲ್ಲಿ ಗಾದೆ ಸೋತಿತು. 1996ರಲ್ಲಿ ಮದುವೆಯಾಯಿತು, ಹುಚ್ಚು ಹಾಗೇ ಉಳಿಯಿತು. ದೊಡ್ಡ ಹುಚ್ಚೇನಲ್ಲ, ಅಂಚೆಚೀಟಿ ಸಂಗ್ರಹ. ‘ನಮ್ಮ ಹುಡುಗನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಬರೀ ಸ್ಟಾಂಪು’ ಎಂದು ಮಾತುಕತೆಯ ದಿನ ಅಮ್ಮ ಇದನ್ನು ಸದ್ಗುಣಗಳ ಸಾಲಿನಲ್ಲೇ ಹೇಳಿದ್ದರು. ಹೆಣ್ಣಿನ ಕಡೆಯವರು ಸ್ಟಾಂಪ್ ಪೇಪರ್ ಅಂದುಕೊಂಡು, ಹುಡುಗನಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಒಳ್ಳೆಯ ವಶೀಲಿ ಇರಬೇಕು ಎಂದು ಒಪ್ಪಿಬಿಟ್ಟರಂತೆ. ಈ ವಿಷಯ ನನಗೆ ಗೊತ್ತಾದದ್ದು ಮೊದಲ ದೀಪಾವಳಿಗೆ.

ಎರಡು ವರ್ಷದ ಮೇಲೆ ನನ್ನ ಹುಚ್ಚಿಗೆ ಒಂದು ಮಾಸಪತ್ರಿಕೆ ಜೊತೆಯಾಯಿತು. ಅಂಚೆಚೀಟಿ ಸಂಗ್ರಾಹಕರಿಗೆಂದೇ ಕನ್ನಡದಲ್ಲಿ, ಬೆಂಗಳೂರಿನಿಂದ, ಹದಿನಾರು ಪುಟ. ಹೆಸರು ಬೇಡ, ಅದರ ಮಾನವೂ ನನ್ನ ಮಾನವೂ ಈಗ ಒಂದೇ ಗಂಟಿನಲ್ಲಿವೆ. ವಾರ್ಷಿಕ ಚಂದಾ 60 ರೂಪಾಯಿ, ಆಜೀವ ಚಂದಾ 500. ನಾನು ಬ್ಯಾಂಕಿನ ಗುಮಾಸ್ತ, ಲೆಕ್ಕದಲ್ಲಿ ಚುರುಕು. ಒಂಬತ್ತನೇ ವರ್ಷದ ನಡುವಿನಿಂದ ಪತ್ರಿಕೆ ಪುಕ್ಕಟೆ ಎಂದು ಹಿಗ್ಗಿ ಮನಿಯಾರ್ಡರ್ ಮಾಡಿದೆ. ಇವಳು ರಸೀದಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಆಜೀವ ಅಂದ್ರೆ ಯಾರ ಜೀವ ರೀ? ನಿಮ್ದಾ, ಪತ್ರಿಕೆದಾ?’

ಹೆಂಗಸರಿಗೆ ಇಂಥದ್ದೆಲ್ಲ ಅರ್ಥವಾಗುವುದಿಲ್ಲ ಎಂದುಕೊಂಡೆ. ಅರ್ಥವಾಗದೆ ಇದ್ದದ್ದು ಯಾರಿಗೆ ಎಂದು ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು.

ಮೊದಲ ಸಂಚಿಕೆ ಬಂದ ದಿನವೇ ಮೊದಲ ನಿರಾಸೆ. ಅಂಚೆಚೀಟಿಯ ಪತ್ರಿಕೆ, ಆದರೆ ಅದರ ಮೇಲೆ ಅಂಚೆಚೀಟಿಯೇ ಇಲ್ಲ! ಚೀಟಿ ಹಚ್ಚದೆ ರವಾನಿಸಲು ಲೈಸೆನ್ಸ್ ಇದೆ ಎಂಬ ಸಾಲೊಂದು ಮೂಲೆಯಲ್ಲಿ ಅಚ್ಚಾಗಿತ್ತು, ಅಷ್ಟೆ. ಮಿಠಾಯಿ ಅಂಗಡಿಯವನು ಸಕ್ಕರೆ ಕಾಯಿಲೆಯಿಂದ ನರಳಿದ ಹಾಗೆ. ನೋಂದಾಯಿತ ಪತ್ರಿಕೆಗಳಿಗೆ ಅಂಚೆ ಇಲಾಖೆಯ ರಿಯಾಯಿತಿ ಎಂದರೆ ಸಾಮಾನ್ಯವಲ್ಲ. 50 ಗ್ರಾಂ ಮೀರದ ಪ್ರತಿಗೆ ಬರೀ 25 ಪೈಸೆ. ನಾಲ್ಕಾಣೆಯ ನಾಣ್ಯ 2011ರ ಜೂನ್ 30ಕ್ಕೆ ಚಲಾವಣೆಯಿಂದಲೇ ಹೋಯಿತು, ಪತ್ರಿಕೆಗಳ ನಾಲ್ಕಾಣೆ ಅದಾದ ಮೇಲೂ ಓಡುತ್ತಿತ್ತು. ಆದರೆ ರಿಯಾಯಿತಿಗೆ ಒಂದು ಕಟ್ಟು ಇತ್ತು. ಆಗ ಜಾರಿಯಲ್ಲಿದ್ದ 1898ರ ಅಂಚೆ ಕಾಯಿದೆಯ ಪ್ರಕಾರ ಪತ್ರಿಕೆಯ ಎರಡು ಸಂಚಿಕೆಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಕೂಡದು.

ಕಾಯಿದೆ ಮಾಡಿದವರು ನಮ್ಮ ಸಂಪಾದಕರನ್ನು ಕಂಡಿರಲಿಲ್ಲ. ಇವರ ತಿಂಗಳು ಬ್ರಹ್ಮನ ಪಂಚಾಂಗದ್ದು. ಜನವರಿ ಸಂಚಿಕೆ ಯುಗಾದಿಗೆ ಬಂತು. ಮುಂದೆ ‘ಫೆಬ್ರವರಿ–ಮಾರ್ಚ್ ಜಂಟಿ ಸಂಚಿಕೆ’. ಅದರ ಮುಂದೆ ‘ಏಪ್ರಿಲ್–ಆಗಸ್ಟ್ ವಿಶೇಷ ಜಂಟಿ ಸಂಚಿಕೆ’. ಜಂಟಿಯಾದರೂ ಪುಟ ಮಾತ್ರ ಹದಿನಾರೇ. ಐದು ತಿಂಗಳ ಹಾಲನ್ನು ಒಂದೇ ಲೋಟಕ್ಕೆ ಸುರಿದು ಕೊಟ್ಟರೆ ನಮ್ಮ ಹಾಲಿನವನನ್ನು ಇವಳು ಬಿಡುತ್ತಿದ್ದಳೇ?

‘ಶೀಘ್ರದಲ್ಲೇ ಬೆಂಗಳೂರಿನಲ್ಲಿ ಕರ್ನಾಪೆಕ್ಸ್ ಅಂಚೆಚೀಟಿ ಪ್ರದರ್ಶನ, ತಪ್ಪದೆ ಬನ್ನಿ’ ಎಂಬ ಆಹ್ವಾನ ಕೈಗೆ ಬಂದಾಗ ಪ್ರದರ್ಶನ ಮುಗಿದು, ಬಹುಮಾನ ಹಂಚಿ, ಶಾಮಿಯಾನದವನ ಬಾಕಿಯೂ ಚುಕ್ತಾ ಆಗಿರುತ್ತಿತ್ತು. 2006ರ ಡಿಸೆಂಬರ್ 13ರಂದು ಭಾರತದ ಮೊದಲ ಪರಿಮಳದ ಅಂಚೆಚೀಟಿ ಬಿಡುಗಡೆಯಾಯಿತು. ಶ್ರೀಗಂಧದ್ದು, ಬೆಲೆ 15 ರೂಪಾಯಿ, ಬೆರಳಲ್ಲಿ ಉಜ್ಜಿದರೆ ಗಮ್ಮೆನ್ನುತ್ತದೆ. ‘ಗಂಧದ ಚೀಟಿ ಬರಲಿದೆ’ ಎಂದು ನಮ್ಮ ಪತ್ರಿಕೆ ನನಗೆ ತಿಳಿಸಿದ್ದು 2007ರ ಮಾವಿನ ಹಣ್ಣಿನ ಕಾಲದಲ್ಲಿ. ವ್ಯಾಪಾರಿಯೊಬ್ಬನಿಗೆ ದುಪ್ಪಟ್ಟು ತೆತ್ತು ಒಂದನ್ನು ತಂದೆ. ಆಲ್ಬಮ್ಮಿಗೆ ಸೇರಿಸುವ ಮೊದಲೇ ಅದು ಮಾಯ. ಮೂರು ತಿಂಗಳು ಮನೆಯೆಲ್ಲ ಜಾಲಾಡಿದೆ. ಕೊನೆಗೆ ವರಮಹಾಲಕ್ಷ್ಮಿ ಹಬ್ಬಕ್ಕೆ ಅಮ್ಮ ಟ್ರಂಕಿನಿಂದ ಮೈಸೂರು ಸಿಲ್ಕ್ ಸೀರೆ ತೆಗೆದಾಗ ಮಡಿಕೆಯೊಳಗಿಂದ ಉದುರಿತು. ‘ವಾಸನೆ ಚೆನ್ನಾಗಿತ್ತು ಕಣೋ, ಸೀರೆಗೆ ಇರಲಿ ಅಂತ ಇಟ್ಟಿದ್ದೆ’ ಎಂದರು. ಸೀರೆಗೆ ಗಂಧದ ಪರಿಮಳ ಬರಲಿಲ್ಲ, ಗಂಧದ ಚೀಟಿಗೆ ಮಾತ್ರ ನುಸಿಗುಳಿಗೆಯ ವಾಸನೆ ಖಾಯಂ ಆಯಿತು.

ತಡವೊಂದೇ ಆಗಿದ್ದರೆ ಸಹಿಸಬಹುದಿತ್ತು. ಒಮ್ಮೆ ಏಷ್ಯಾದ ಮೊದಲ ಅಂಚೆಚೀಟಿ ಸಿಂಧ್ ಡಾಕ್ ಬಂದದ್ದು 1952ರಲ್ಲಿ ಎಂದು ಅಚ್ಚಾಯಿತು. ನಾನು ಉರಿದೆದ್ದು ಕಾರ್ಡು ಬರೆದೆ. ಮುಂದಿನ ಸಂಚಿಕೆಯಲ್ಲಿ ‘ತಿದ್ದುಪಡಿ: 1582 ಎಂದು ಓದಿಕೊಳ್ಳಿ’ ಎಂದು ಬಂತು. ಪ್ರಪಂಚದ ಮೊದಲ ಚೀಟಿ ಪೆನ್ನಿ ಬ್ಲ್ಯಾಕ್ ಬಂದದ್ದೇ 1840ರಲ್ಲಿ. ನಮ್ಮ ಪತ್ರಿಕೆ ಅಕ್ಬರ್ ಬಾದಶಹನ ಕೈಯಲ್ಲೇ ಚೀಟಿ ನೆಕ್ಕಿಸಿಬಿಟ್ಟಿತ್ತು. 1852 ಎಂಬ ನಿಜವಾದ ಇಸವಿ ಮುಂದೆ ಬಹುಕಾಲ ಬರಲಿಲ್ಲ.

ಇನ್ನೊಂದು ಸಲ ನಡುವಿನ ನಾಲ್ಕು ಪುಟ ತಲೆಕೆಳಗಾಗಿ ಹೊಲಿದುಕೊಂಡು ಬಂದವು. ಬೈದು ಬರೆದ ಪತ್ರಕ್ಕೆ ಸಂಪಾದಕರ ಉತ್ತರ ಹೀಗಿತ್ತು: ‘1854ರ ನಾಲ್ಕಾಣೆ ಚೀಟಿಯಲ್ಲಿ ವಿಕ್ಟೋರಿಯಾ ರಾಣಿಯ ತಲೆ ತಿರುಗುಮುರುಗಾಗಿ ಅಚ್ಚಾದ್ದರಿಂದಲೇ ಅದಕ್ಕೆ ಈಗ ಆ ಬೆಲೆ. ನಮ್ಮ ಹವ್ಯಾಸದಲ್ಲಿ ತಪ್ಪಿಗೇ ಮೌಲ್ಯ. ಪ್ರತಿಯನ್ನು ಜೋಪಾನವಾಗಿಡಿ.’ ನಾಚಿಕೆಯಿಂದ ಹೇಳುತ್ತೇನೆ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟೆ. ಮುಂದಿನ ಬೇಸಿಗೆಯಲ್ಲಿ ಅದು ತಾರಸಿಯ ಮೇಲೆ ಸಂಡಿಗೆಯ ಕೆಳಗೆ ಸಿಕ್ಕಿತು. ಎಣ್ಣೆ, ಜೀರಿಗೆ ಹತ್ತಿದ ಪ್ರತಿಗೆ ಎಷ್ಟು ಮೌಲ್ಯ ಎಂದು ಯಾವ ಕ್ಯಾಟಲಾಗಿನಲ್ಲೂ ಬರೆದಿಲ್ಲ.

ತಡವಾಗಿ ತಡವಾಗಿ ಕೊನೆಗೆ ಪತ್ರಿಕೆಯ ರಿಯಾಯಿತಿಯೇ ತಪ್ಪಿತು. ಬುಕ್ ಪೋಸ್ಟಿನಲ್ಲಿ ಚೀಟಿ ಹಚ್ಚಿಯೇ ಕಳಿಸಬೇಕಾಯಿತು. ಸರಿಯಾಗಿ ಬರುತ್ತಿದ್ದಾಗ ಚೀಟಿಯಿಲ್ಲ, ಚೀಟಿ ಬಂದಾಗ ಸಮಯವಿಲ್ಲ! ಸಿಕ್ಕಿದ್ದೇ ಭಾಗ್ಯ ಎಂದು ನೋಡಿದರೆ ಒಂದೇ ನಮೂನೆಯ ಅಗ್ಗದ ಚೀಟಿ, ಅದರ ಮೇಲೆ ಯಾವುದೋ ಪುಣ್ಯಾತ್ಮ ಬಾಲ್‌ಪೆನ್ನಿನಲ್ಲಿ ಉದ್ದಕ್ಕೆ ಗೀಚಿದ ಗೆರೆ. ಸಂಗ್ರಾಹಕನಿಗೆ ಆ ಗೆರೆ ಎದೆಯ ಮೇಲೆ ಎಳೆದ ಹಾಗೆ.

ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ಲಿಗೆ ನಾನು ಎದ್ದು ಓಡುವುದು, ಇನ್ಶೂರೆನ್ಸ್ ನೋಟೀಸು ಹಿಡಿದು ಸಪ್ಪೆಮೋರೆ ಹಾಕಿಕೊಂಡು ಬರುವುದು ಮನೆಯಲ್ಲಿ ನಿತ್ಯದ ನಾಟಕವಾಯಿತು. ಒಂದು ದಿನ ಇವಳು ಹುರುಳಿಕಾಯಿ ನಾರು ತೆಗೆಯುತ್ತ ತಣ್ಣಗೆ ಹೇಳಿದಳು. ‘ಆಜೀವ ಚಂದಾ ನಾನೂ ಕಟ್ಟಿದೀನಿ ರೀ, 1996ರಲ್ಲಿ. ಹೇಳಿದ ಟೈಮಿಗೆ ಬರಲ್ಲ, ಬಂದ್ರೂ ಒಳಗೆ ಹೊಸದೇನಿರಲ್ಲ. ನಾನು ಯಾವ ಸಂಪಾದಕರಿಗೆ ಬರೀಲಿ?’ ಅಡುಗೆಮನೆಯಲ್ಲಿ ಅಮ್ಮ ನಕ್ಕದ್ದು ಹಾಲಿಗೆ ಕೇಳಿಸಿತು.

2018ರಲ್ಲಿ ಎಂಟು ತಿಂಗಳು ಪತ್ರಿಕೆಯ ಸುಳಿವಿಲ್ಲ. ನಾನು ಕೊನೆಯ ಅಸ್ತ್ರ ತೆಗೆದೆ. ನಾಲ್ಕು ಪುಟದ ಪತ್ರ. ಲಕೋಟೆಗೆ ಐದು ರೂಪಾಯಿಯ ಚೀಟಿ, ಅದರ ಪಕ್ಕ, ಸಂಪಾದಕರಿಗೆ ನಾಚಿಕೆಯಾಗಲೆಂದೇ, ಸರ್ ಎಂ. ವಿಶ್ವೇಶ್ವರಯ್ಯನವರ 15 ನಯೇಪೈಸೆಯ ಚೀಟಿ. 1960ರಲ್ಲಿ, ಅವರು ಬದುಕಿದ್ದಾಗಲೇ ಬಂದದ್ದು. ನನ್ನ ಬಳಿ ಎರಡಿದ್ದವು. ಗಡಿಯಾರ ನೋಡಿ ಬದುಕಿದ ಮಹಾನುಭಾವರ ಮುಖ ಕಂಡಾದರೂ ಬುದ್ಧಿ ಬರಲಿ ಎಂದು ಹಚ್ಚಿದೆ. ಉತ್ತರವಿಲ್ಲ. ಒಂದು ಭಾನುವಾರ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೊರಟೇಬಿಟ್ಟೆ. ಮಂಡ್ಯ ದಾಟುವಷ್ಟರಲ್ಲಿ ಬೈಗುಳಗಳನ್ನು ಅನುಕ್ರಮವಾಗಿ ಜೋಡಿಸಿಕೊಂಡಿದ್ದೆ.

ಪತ್ರಿಕೆಯ ‘ಕಾರ್ಯಾಲಯ’ ಎಂದರೆ ಚಾಮರಾಜಪೇಟೆಯ ಹಳೆಯ ಮನೆಯೊಂದರ ಹಿತ್ತಲು. ಎಪ್ಪತ್ತು ದಾಟಿದ ಒಬ್ಬರು ಬನಿಯನ್ನು, ಪಂಚೆಯಲ್ಲಿ ಮಣೆಯ ಮೇಲೆ ಕೂತಿದ್ದರು. ಮುಂದೆ ಒಂದು ನೀಲಿ ಬೇಸಿನ್ನು, ತುಂಬ ಉಗುರುಬೆಚ್ಚನೆಯ ನೀರು. ಅದರಲ್ಲಿ ಲಕೋಟೆಗಳ ಮೂಲೆಗಳು ತೇಲುತ್ತಿದ್ದವು. ಅಂಟು ಬಿಟ್ಟ ಚೀಟಿಯೊಂದನ್ನು ಚಿಮಟದಲ್ಲಿ ಮೆಲ್ಲಗೆ ಎತ್ತಿ, ಬೆನ್ನನ್ನು ಬೆರಳಲ್ಲಿ ಸವರಿ ಅಂಟು ತೊಳೆದು, ಹಳೇ ಪೇಪರಿನ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿದರು. ಮೊಮ್ಮಗುವಿಗೆ ಎರೆದು ಒರೆಸಿ ಮಲಗಿಸಿದ ಹಾಗಿತ್ತು.

‘ನಾನು ಮೈಸೂರಿನಿಂದ...’ ಎಂದೆ.

ಅವರು ತಲೆಯೆತ್ತಿ, ‘ಓ, ವಿಶ್ವೇಶ್ವರಯ್ಯನವರು! ಬನ್ನಿ ಬನ್ನಿ’ ಎಂದರು. ಒಳಗಿಂದ ಆಲ್ಬಮ್ ತರಿಸಿ ತೋರಿಸಿದರು. ನನ್ನ ಚೀಟಿ ಅಲ್ಲಿ ರಾಜನ ಹಾಗೆ ಕೂತಿತ್ತು. ಅದೊಂದೇ ಅಲ್ಲ. ಚಂದಾದಾರರ ಇಪ್ಪತ್ತು ವರ್ಷದ ಸಿಟ್ಟೆಲ್ಲ ಆ ಆಲ್ಬಮ್ಮಿನಲ್ಲಿ ಊರುವಾರು ಒಪ್ಪವಾಗಿ ಅಂಟಿತ್ತು. ‘ಪತ್ರಿಕೆ ಸರಿಯಾಗಿ ತಲುಪಿದರೆ ಒಬ್ಬರೂ ಬರೆಯೋದಿಲ್ಲ ಸ್ವಾಮಿ. ತಡವಾದರೆ ನೋಡಿ, ಎಂಥೆಂಥ ಚೀಟಿ ಹಚ್ಚಿ ಬೈತಾರೆ!’

‘ಈಗಿನ ಕಾಲಕ್ಕೆ ಪಿಡಿಎಫ್ ಮಾಡಬಾರದೇ ಅಂತ ನನ್ನ ಮಗಳು ಹೇಳ್ತಾಳೆ’ ಎಂದೆ, ಬೇರೇನೂ ತೋಚದೆ.

‘ಪಿಡಿಎಫ್ ನೀರಲ್ಲಿ ನೆನೆಸೋಕೆ ಬರುತ್ತಾ?’

ಅವರ ಮನೆಯವರು ಕಾಫಿ ತಂದು, ‘ಇವರೇನಾ ಲೇಖನದವರು?’ ಎಂದು ಕೇಳಿದರು. ನನ್ನ ಕೈಯ ಲೋಟ ಅಲುಗಿತು. ಸಂಪಾದಕರು ಒಂದು ನೋಟ್‌ಬುಕ್ ತೆರೆದು ‘ಬರಬೇಕಾದ ಲೇಖನಗಳು’ ಎಂಬ ಪುಟ ತೋರಿಸಿದರು. ಮೊದಲ ಹೆಸರೇ ನನ್ನದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾಗಿ 1889ರಲ್ಲಿ ಬ್ರಿಟಿಷ್ ಅಂಚೆಯಲ್ಲಿ ಸೇರಿಹೋದ ಮೈಸೂರು ಅಂಚೆಯ ಬಗ್ಗೆ ಎರಡು ವರ್ಷದ ಕೆಳಗೆ ಲೇಖನಮಾಲೆ ಬರೆಯುತ್ತೇನೆಂದು ನಾನೇ ಮೇಲೆ ಬಿದ್ದು ಮಾತು ಕೊಟ್ಟಿದ್ದೆ. ಆ ಅಂಚೆ ಎರಡು ಶತಮಾನ ಓಡಿತು, ನನ್ನ ಲೇಖನ ಎರಡು ಪುಟ ಓಡಲಿಲ್ಲ. ‘ನಿಮ್ಮದು ಬಂದರೆ ಅಚ್ಚಿಗೆ ಕೊಡೋಣ ಅಂತ ಎಂಟು ತಿಂಗಳಿಂದ ಕಾಯ್ತಿದೀನಿ’ ಎಂದರು. ಮುಖದಲ್ಲಿ ಒಂದಿಷ್ಟೂ ಕೋಪವಿಲ್ಲ.

ಹೊರಡುವಾಗ ಅವರು ಇನ್ನೊಂದು ಸಣ್ಣ ಲೆಕ್ಕವನ್ನೂ ಒಪ್ಪಿಸಿದರು. ಐನೂರು ರೂಪಾಯಿ, ಇಪ್ಪತ್ತು ವರ್ಷ, 240 ತಿಂಗಳು. ತಿಂಗಳಿಗೆ ಬಿದ್ದದ್ದು ಎರಡು ರೂಪಾಯಿ ಎಂಟು ಪೈಸೆ. ಜೋಡಿಸಿಕೊಂಡು ಬಂದ ಬೈಗುಳಗಳನ್ನೆಲ್ಲ ಹಾಗೇ ವಾಪಸು ಹೊತ್ತುಕೊಂಡು ಸಂಜೆಯ ರೈಲು ಹತ್ತಿದೆ. ಜೊತೆಗೆ ಎರಡು ಚೀಲ. ಒಂದರಲ್ಲಿ ಚಂದಾದಾರರ ವಿಳಾಸದ ಪಟ್ಟಿ, ಇನ್ನೊಂದರಲ್ಲಿ ಸುತ್ತುವ ಕಾಗದ. ನಾನು ಗೌರವ ಸಹಸಂಪಾದಕನಾಗಿದ್ದೆ. ಗೌರವ ಎಂದರೆ ಸಂಬಳವಿಲ್ಲ ಎಂದು ಮನೆಯಲ್ಲಿ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಈಗ ನಮ್ಮ ಊಟದ ಮೇಜಿನ ಮೇಲೆ ವಿಳಾಸದ ಚೀಟಿಗಳು. ಮೈದಾ ಅಂಟು ಕಲಸುವುದು ಇವಳ ಕೆಲಸ, ಪಿನ್ ಕೋಡ್ ಪ್ರಕಾರ ಬಿಡಿಸುವುದು ಅಮ್ಮನದು. ಮಗಳು ಕರಡು ತಿದ್ದುತ್ತಾಳೆ. 1852 ಈಗ ಸರಿಯಾಗಿ ಅಚ್ಚಾಗುತ್ತದೆ. ಪತ್ರಿಕೆ ಮಾತ್ರ ತಡ, ಯಾಕೆಂದರೆ ಸಹಸಂಪಾದಕರ ಲೇಖನ ಇನ್ನೂ ಬಂದಿಲ್ಲ. ಅಡುಗೆಮನೆಯ ಅಕ್ಕಿ ತೊಳೆಯುವ ಪಾತ್ರೆಯಲ್ಲಿ ಏನು ನೆನೆಯುತ್ತಿದೆ ಎಂದು ಈಗ ಯಾರೂ ಕೇಳುವುದಿಲ್ಲ.

ಆದ್ದರಿಂದ ಚಂದಾದಾರರಲ್ಲಿ ಒಂದು ಅರಿಕೆ. ಪತ್ರಿಕೆ ತಲುಪದಿದ್ದರೆ ದಯವಿಟ್ಟು ಬೈಯಿರಿ. ಫೋನಿನಲ್ಲಿ ಬೇಡ, ವಾಟ್ಸ್ಯಾಪಿನಲ್ಲಂತೂ ಬೇಡವೇ ಬೇಡ. ಪತ್ರ ಬರೆದು, ಅಂಚೆ ಕೌಂಟರಿನಲ್ಲಿ ಪ್ರಿಂಟ್ ಹೊಡೆದ ಬಿಳಿ ಲೇಬಲ್ ಅಂಟಿಸಲು ಬಿಡದೆ, ಒಳ್ಳೆಯ ಸ್ಮಾರಕ ಚೀಟಿಯನ್ನು ಕೇಳಿ ಪಡೆದು ಹಚ್ಚಿ. ಕೆಂಪು ಲಕೋಟೆ ಮಾತ್ರ ಬಳಸಬೇಡಿ, ನೆನೆಸಿದರೆ ಬಣ್ಣ ಬಿಡುತ್ತದೆ.