ಒಂದು ಕಿಲೋನ್ಯೂಟನ್ನಿಗೂ ಕಡಿಮೆಯ ಗಂಡ

ನಮ್ಮ ವಂಶದಲ್ಲಿ ಪ್ರಾಣಿ ಕೊಂದವರಿಲ್ಲ. ಸೊಳ್ಳೆ ಹೊಡೆದರೂ ಅಜ್ಜ ಕೈಕಾಲು ತೊಳೆದುಕೊಂಡೇ ಒಳಗೆ ಬರುತ್ತಿದ್ದರು. ಅಂಥ ಮನೆಯ ಕುಡಿ ಮಿಶಿಗನ್‌ನ ಬೇಸ್‌ಮೆಂಟಿನಲ್ಲಿ, ಬೇಟೆಗಾರರ ಹಗ್ಗಗಳ ರಾಶಿಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದೆ ಎಂದರೆ ಅದಕ್ಕೆ ಕಾರಣ ಬೀನ್ಸ್. ನನ್ನ ಹೆಂಡತಿ ಹಿತ್ತಲಲ್ಲಿ ಬೆಳೆದ ಬೀನ್ಸನ್ನು ಬಿಳಿಬಾಲದ ಜಿಂಕೆಗಳು ಬೇರೊಂದು ಬಿಟ್ಟು ಎಲ್ಲ ಮೇಯ್ದವು. ಆ ದುಃಖವನ್ನು ಆಫೀಸಿನಲ್ಲಿ ತೋಡಿಕೊಂಡೆ. ಪಕ್ಕದ ಸೀಟಿನವನು ಬಿಲ್ಲುಬೇಟೆಗಾರ. “ಅಕ್ಟೋಬರ್ ಒಂದಕ್ಕೆ ಸೀಸನ್ ಶುರು. ನನ್ನ ಜೊತೆ ಬಾ. ಬಾಣ ನಾನು ಬಿಡ್ತೀನಿ, ನೀನು ಫೋಟೋ ತೆಗಿ. ಆದರೆ ಮರದ ಮೇಲೆ ಕೂರೋಕೆ ನಿನ್ನದೇ ಸ್ಯಾಡಲ್ ಬೇಕು” ಅಂದ.

ಸ್ಯಾಡಲ್ ಎಂದರೆ ಕುದುರೆಯ ಜೀನಲ್ಲ. ಸೊಂಟ, ಪೃಷ್ಠಗಳನ್ನು ತಬ್ಬಿ ಹಿಡಿಯುವ ಒಂದು ಬಟ್ಟೆಯ ಜೋಲಿ. ಅದನ್ನು ತೊಟ್ಟು, ಮರಕ್ಕೆ ಮುಖ ಮಾಡಿ, ಪುಟ್ಟ ಹಲಗೆಯ ಮೇಲೆ ಕಾಲೂರಿ, ಹಗ್ಗದ ಆಸರೆಯಲ್ಲಿ ಹಿಂದಕ್ಕೆ ವಾಲಿ ತೂಗುತ್ತಿರಬೇಕು. ಜಿಂಕೆ ಬಂದರೆ ಕಾಂಡದ ಮರೆಗೆ ಸರಿಯಬಹುದು. ಮಿಶಿಗನ್‌ನ ಸರ್ಕಾರಿ ಕಾಡಿನಲ್ಲಿ ಮರಕ್ಕೆ ಮೊಳೆ, ಸ್ಕ್ರೂ ಹೊಡೆಯುವಂತಿಲ್ಲ. ಹೊತ್ತು ತಂದು, ಕಟ್ಟಿ, ಬಿಚ್ಚಿಕೊಂಡು ಹೋಗುವ ಈ ಏರ್ಪಾಡು ಅಂಥಲ್ಲಿಗೆ ಸಲೀಸು. ಇದೇ ರಾಜ್ಯದ ಜಾನ್ ಎಬರ್‌ಹಾರ್ಟ್ ಎಂಬ ಹಿರಿಯ ಬೇಟೆಗಾರ ದಶಕಗಳಿಂದ ಇದರ ಗುಣಗಾನ ಮಾಡುತ್ತಿದ್ದಾರೆ. ಅವರ ಮಾತು ಕೇಳಿ ಜನ ಕಾಡಿಗೆ ಹೋದರು. ನಾನು ಅಂಗಡಿಗೆ ಹೋದೆ.

ಬೇಕಾದ ಹಗ್ಗ ಎರಡೇ. ಹತ್ತುವಾಗ ಸೊಂಟದ ಎರಡೂ ಪಕ್ಕದಿಂದ ಮರವನ್ನು ಬಳಸಿ ಬರುವುದು ಲೈನ್‌ಮನ್ ಹಗ್ಗ, ನಮ್ಮೂರಲ್ಲಿ ಕರೆಂಟು ಕಂಬದ ಮೇಲಿನ ಲೈನ್‌ಮನ್ ಕಟ್ಟಿಕೊಳ್ಳುವ ಪಟ್ಟಿಯ ಸೋದರ. ಮೇಲೆ ತಲುಪಿದ ಮೇಲೆ ತಲೆಯ ಮಟ್ಟದಲ್ಲಿ ಕಾಂಡಕ್ಕೆ ಬಿಗಿದು ನೇತಾಡುವುದು ಟೆದರ್. ತಲಾ ಎಂಟು ಅಡಿ ಇದ್ದರೆ ಸಾಕು. ಇಷ್ಟನ್ನು ಬುದ್ಧಿವಂತರು ಹತ್ತು ನಿಮಿಷದಲ್ಲಿ ಕೊಂಡು ಮನೆಗೆ ಬರುತ್ತಾರೆ. ನಾನು ಇಂಜಿನಿಯರ್, ಹಾಗೆ ಬರಲಾಗುವುದಿಲ್ಲ.

ಎಂಟು ಮಿಲಿಮೀಟರೋ, ಒಂಬತ್ತೋ, ಹನ್ನೊಂದೋ? ತೆಳ್ಳಗಿನದು ಜೇಬಿನಲ್ಲಿ ಹಿಡಿಯುತ್ತದೆ, ದಪ್ಪನೆಯದು ಕೈಗೆ ಹಿತ. ನೈಲಾನೋ, ಪಾಲಿಯೆಸ್ಟರೋ? ನೈಲಾನ್ ನೆನೆದರೆ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ. ಡೈನೀಮಾ ತೂಕಕ್ಕೆ ಉಕ್ಕನ್ನೂ ಸೋಲಿಸುವ ಗಟ್ಟಿ ದಾರ, ಆದರೆ ನೂರೈವತ್ತು ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಕರಗುತ್ತದೆ. ಅಮ್ಮ ಬೋಂಡಾ ಕರಿಯುವ ಎಣ್ಣೆಯೇ ಅದಕ್ಕಿಂತ ಬಿಸಿ. ಉಜ್ಜಾಟ ಇರುವ ಕಡೆ ಟೆಕ್ನೋರಾದಂಥ ಅರಾಮಿಡ್ ಹೊದಿಕೆ ವಾಸಿ. ಹೊದಿಕೆ ಬೇರೆ, ತಿರುಳು ಬೇರೆ ಇರುವ ಈ ಹಗ್ಗಗಳನ್ನು ಜರ್ಮನಿಯ ಎಡೆಲ್‌ರಿಡ್ ಕಂಪನಿ 1953ರಲ್ಲಿ ಪರ್ವತಾರೋಹಿಗಳಿಗಾಗಿ ಮಾಡಿತು. ಇದನ್ನೆಲ್ಲ ಊಟದ ಹೊತ್ತಿಗೆ ಹೇಳಿದೆ. “ಸಾರು ಬೇಕಾ?” ಅಂದಳು ಇವಳು.

ಹಗ್ಗಕ್ಕಿಂತ ಅದರ ಅಂಕಿಗಳು ನನಗೆ ಪ್ರಿಯ. ಕ್ಯಾರಾಬೈನರ್ ಎಂಬ ಕೊಂಡಿಯ ಬೆನ್ನ ಮೇಲೆ 22 ಕಿಲೋನ್ಯೂಟನ್ ಎಂದು ಕೊರೆದಿರುತ್ತಾರೆ. ಕಿಲೋ ಲೆಕ್ಕದಲ್ಲಿ ಅದು ಸುಮಾರು 2,240. ಇನ್ನು ನಾನು. ಡಾಕ್ಟರು ನೋಡಿ ತಲೆಯಾಡಿಸುವ ಈ 92 ಕೆ.ಜಿ. ದೇಹ ಕಿಲೋನ್ಯೂಟನ್ನಿನಲ್ಲಿ ಬರೀ 0.9! ಒಂದೂ ಇಲ್ಲ! ಇಷ್ಟು ಸಪೂರ ನಾನು ಮದುವೆಯ ದಿನವೂ ಇರಲಿಲ್ಲ. ಹಿಗ್ಗಿನಿಂದ ಇವಳ ಮುಂದೆ ಹೇಳಿದೆ, “ಈ ಕೊಂಡಿಗೆ ನನ್ನಂಥ ಇಪ್ಪತ್ತನಾಲ್ಕು ಜನರನ್ನು ನೇತುಹಾಕಬಹುದು.”

“ಒಬ್ಬರನ್ನು ಸಾಕಿದ್ದೇ ಸಾಕಾಗಿದೆ” ಅಂದಳು. ಆಮೇಲೆ ಕನ್ನಡಕ ಏರಿಸಿದಳು. ಇವಳು ಕಾರಿನ ಸೀಟ್‌ಬೆಲ್ಟ್ ಪರೀಕ್ಷೆ ಮಾಡುವ ಇಂಜಿನಿಯರ್. ಡೆಟ್ರಾಯಿಟ್ ಸೀಮೆಯಲ್ಲಿ ಅಂಥವರಿಗೆ ಬರವಿಲ್ಲ. ಕನ್ನಡಕ ಮೇಲೇರಿತೆಂದರೆ ಮನೆ ಲ್ಯಾಬಾಗುತ್ತದೆ, ನಾನು ಡಮ್ಮಿಯಾಗುತ್ತೇನೆ.

“ಇದು ಹಿಗ್ಗುತ್ತಾ?”

“ಸ್ಟ್ಯಾಟಿಕ್. ಹಿಗ್ಗೋದೇ ಇಲ್ಲ ಅನ್ನು” ಅಂದೆ ಹೆಮ್ಮೆಯಿಂದ.

“ಸೀಟ್‌ಬೆಲ್ಟ್ ಯಾಕೆ ಸ್ವಲ್ಪ ಬಿಟ್ಟುಕೊಡುತ್ತೆ ಗೊತ್ತಾ? ಬಿಟ್ಟುಕೊಡದಿದ್ದರೆ ಪಕ್ಕೆಲುಬು ಬಿಟ್ಟುಕೊಡುತ್ತೆ. ಈ ಹಗ್ಗಾನ ಎರಡಡಿ ಸಡಿಲ ಬಿಟ್ಟುಕೊಂಡು ಕಾಲು ಜಾರಿದರೆ ನಿಮ್ಮ 0.9 ಅಲ್ಲಿ 0.9 ಆಗಿರಲ್ಲ, ಎಷ್ಟೋ ಪಟ್ಟು ಆಗಿರುತ್ತೆ. ಯುರೋಪಿನಲ್ಲಿ ಎತ್ತರದ ಕೆಲಸ ಮಾಡೋರಿಗೆ, ಬಿದ್ದಾಗ ದೇಹಕ್ಕೆ ಆರು ಕಿಲೋನ್ಯೂಟನ್ ಮೀರಬಾರದು ಅಂತ ನಿಯಮ ಇದೆ. ಕೊಂಡಿ 22ಕ್ಕೂ ಉಳಿಯುತ್ತೆ. ಕೆಳಗಿರೋರ ಕಥೆ ಹೇಳಿ.”

“ಹಾಗಾದರೆ ಹಿಗ್ಗುವ ಹಗ್ಗ ತರಿಸಲಾ?”

“ತರಿಸಿ. ಕೂತಾಗಲೆಲ್ಲ ಮೇಲೆ ಕೆಳಗೆ ಕುಣೀತಿರಿ. ಬೇಡ, ಇದೇ ಇರಲಿ. ಯಾವಾಗಲೂ ಬಿಗಿಯಾಗಿರಬೇಕು, ಕಟ್ಟಿದ ಜಾಗ ಸೊಂಟಕ್ಕಿಂತ ಮೇಲೇ ಇರಬೇಕು. ಅಷ್ಟೇ.”

ವಾರಗಟ್ಟಲೆ ಓದಿ ನಾನು ಕಟ್ಟಿದ್ದ ಜ್ಞಾನವನ್ನು ಇವಳು ಸಾರು ಆರುವುದರೊಳಗೆ ಎರಡು ವಾಕ್ಯಕ್ಕೆ ಇಳಿಸಿಬಿಟ್ಟಳು. ಆದರೆ ಯುದ್ಧ ಮುಗಿದಿರಲಿಲ್ಲ. ಹಗ್ಗ ಹಿಡಿಯುವ ಉಪಕರಣಗಳು, ರೋಪ್ ಗ್ರ್ಯಾಬ್‌ಗಳು, ಇನ್ನೂ ಬಾಕಿಯಿದ್ದವು.

ಟೆದರಿನ ಉದ್ದವನ್ನು ಕೂತಲ್ಲಿಂದಲೇ ಹೊಂದಿಸಿಕೊಳ್ಳಬೇಕು. ಅದಕ್ಕೆ ಹಗ್ಗದ ಮೇಲೆ ಜಾರುವ, ಭಾರ ಬಿದ್ದೊಡನೆ ಕಚ್ಚಿ ನಿಲ್ಲುವ ಏನಾದರೂ ಬೇಕು. ಅತಿ ಅಗ್ಗದ್ದು ಪ್ರೂಸಿಕ್ ಗಂಟು. ತೆಳ್ಳನೆ ದಾರದ ಕುಣಿಕೆಯನ್ನು ದೊಡ್ಡ ಹಗ್ಗಕ್ಕೆ ಮೂರು ಸುತ್ತು ಸುತ್ತಿದರೆ ಆಯಿತು. ದಾರ ಹಗ್ಗಕ್ಕಿಂತ ತೆಳ್ಳಗಿರಲೇಬೇಕು, ಎರಡೂ ಒಂದೇ ದಪ್ಪವಾದರೆ ಸರಿಯಾಗಿ ಕಚ್ಚುವುದಿಲ್ಲ. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಇದನ್ನು ಪ್ರಕಟಿಸಿದ. ಮೊದಲ ಮಹಾಯುದ್ಧದ ಕಾಲದಲ್ಲಿ ಹರಿದ ವಾದ್ಯತಂತಿಗಳನ್ನು ಸರಿಪಡಿಸಲು ಅವನು ಹಾಕುತ್ತಿದ್ದ ಗಂಟು ಇದು ಎಂದೊಂದು ಕಥೆಯೂ ಉಂಟು. ಸದ್ದಿಲ್ಲ, ತೂಕವಿಲ್ಲ, ಬೆಲೆಯಂತೂ ಇಲ್ಲ. ಬೆಲೆಯಿಲ್ಲದ್ದರ ಮೇಲೆ ಪ್ರಾಣ ಇಡುವುದೆಂದರೆ ನನ್ನಂಥವನಿಗೆ ಅಪನಂಬಿಕೆ. ಸಾಲದ್ದಕ್ಕೆ ಬಹಳ ಹೊತ್ತು ಭಾರ ಹೊತ್ತ ಗಂಟು ಜಪ್ಪಯ್ಯ ಎಂದರೂ ಸಡಿಲವಾಗುವುದಿಲ್ಲ, ಚಳಿಗೆ ಕೈಗವಸು ತೊಟ್ಟ ಬೆರಳಿಗಂತೂ ಇನ್ನೂ ಕಷ್ಟ. ಷ್ವಾಬಿಷ್, ಡಿಸ್ಟೆಲ್ ಎಂಬ ಅದರ ದಾಯಾದಿಗಳು ಸುಲಭವಾಗಿ ಬಿಟ್ಟುಕೊಡುತ್ತವೆ. ಅವನ್ನು ಕಟ್ಟಲು ಕಲಿಯುವಾಗ ನನ್ನ ಎಡಗೈ ಹೆಬ್ಬೆರಳು ಎರಡು ಸಲ ಗಂಟಿನೊಳಗೇ ಉಳಿದಿತ್ತು.

ಹಾಗಾಗಿ ಲೋಹಕ್ಕೆ ತಿರುಗಿದೆ. ಬ್ರಿಟನ್ನಿನ ರೋಪ್‌ಮ್ಯಾನ್ ಬಂತು. ಇಟಲಿಯ ಡಕ್ ಬಂತು. ಫ್ರಾನ್ಸಿನಿಂದ ಟಿಬ್ಲಾಕ್ ಬಂತು, ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಅನ್ನಿಸುವ ಹಗುರ. ಎಲ್ಲವೂ ಬಂಡೆ ಹತ್ತುವವರಿಗಾಗಿ ಹುಟ್ಟಿದವು, ಜಿಂಕೆಯ ಸುದ್ದಿ ಅವಕ್ಕೆ ಗೊತ್ತಿಲ್ಲ. ಒಂದೇ ಕೈಯಲ್ಲಿ ಸರಿಸಬಹುದು ಎಂಬುದು ಇವುಗಳ ಹೆಚ್ಚುಗಾರಿಕೆ. ಪ್ರತಿಯೊಂದರ ಮೈಮೇಲೂ ಎಷ್ಟು ಮಿಲಿಮೀಟರಿನಿಂದ ಎಷ್ಟರ ಹಗ್ಗ ಎಂದು ಬರೆದಿರುತ್ತದೆ. ಆ ಮಿತಿಯ ಕೆಳಗಿನ ತೆಳು ಹಗ್ಗ ಹಾಕಿದರೆ ಕಚ್ಚದೆ ಜಾರಬಹುದು. ಹಲ್ಲಿರುವ ಜಾತಿಯವು ಜೋರಾಗಿ ಜಗ್ಗಿದಾಗ ಹಗ್ಗದ ಹೊದಿಕೆಯನ್ನೇ ಸುಲಿದುಬಿಡಬಹುದು. ಹೀಗೆ ಉಪಕರಣಕ್ಕೆ ತಕ್ಕ ಹಗ್ಗ, ಹಗ್ಗಕ್ಕೆ ತಕ್ಕ ಉಪಕರಣ ಎಂದು ತರಿಸುತ್ತ ಹೋದೆ. ಜಾತಕ ಕೂಡಿಬರದ ಕೆಲವು ಬಿಡಿಬಿಡಿಯಾಗಿ ಈಗಲೂ ಬೇಸ್‌ಮೆಂಟಿನಲ್ಲಿವೆ.

ಊರಿನಿಂದ ಬಂದಿದ್ದ ಅಮ್ಮ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು.

“ಮರ ಹತ್ತಿ ಏನು ಕೊಯ್ತಿಯೋ?”

“ಏನೂ ಇಲ್ಲಮ್ಮ. ಸುಮ್ಮನೆ ಕೂರೋದು.”

“ಕೂರೋಕೆ ಮರ ಯಾಕೆ? ಸೋಫಾ ಇದೆಯಲ್ಲ.” ಸ್ವಲ್ಪ ತಡೆದು ಮುಂದುವರಿಸಿದಳು. “ನಮ್ಮ ತೋಟದ ಕೊನೆಗಾರ ಕಾಲಿಗೊಂದು ತಳೆ, ಕೈಗೊಂದು ಕತ್ತಿ, ಒಂದು ಹಗ್ಗ ಇಟ್ಕೊಂಡು ಮರದಿಂದ ಮರಕ್ಕೆ ಹಾರ್ತಾ ಇಡೀ ಅಡಿಕೆ ಇಳಿಸ್ತಿದ್ದ. ನೀನು ಕೆಳಗೆ ಹಗ್ಗ ಹಿಡಿ ಅಂದ್ರೆ ಹೊಟ್ಟೆನೋವು ಅಂತಿದ್ದೆ.”

ಕೊನೆಗಾರನಿಗೆ ರಕ್ಷಣೆಯೇ ಇರಲಿಲ್ಲ, ಅದು ಅಪಾಯ ಎಂದು ಭಾಷಣ ಶುರು ಮಾಡಿದೆ. ಮಾತು ನಿಜವೇ. ಬಾಯಿ ಮಾತ್ರ ಅದಕ್ಕೆ ತಕ್ಕದ್ದಾಗಿರಲಿಲ್ಲ. ಅಮ್ಮ ಎದ್ದು ಒಳಗೆ ಹೋದಳು.

ಅಭ್ಯಾಸ ಹಿತ್ತಲಿನ ಮೇಪಲ್ ಮರದಲ್ಲಿ. ಹೊಸಬರು ನೆಲದ ಹತ್ತಿರವೇ ನೇತಾಡಿ ಕಲಿಯಬೇಕೆಂದು ಬಲ್ಲವರೆಲ್ಲ ಹೇಳುತ್ತಾರೆ. ಇವಳು ಎತ್ತರವನ್ನೇ ಗೊತ್ತು ಮಾಡಿದಳು, ಬಿದ್ದ ಮೇಲೂ ಬೈಸಿಕೊಳ್ಳುವಷ್ಟು ಜೀವ ಉಳಿಯುವ ಎತ್ತರ. ನೆಲದಿಂದ ಗೇಣುದ್ದ ಮೇಲೆ, ಮರವನ್ನು ತಬ್ಬಿಕೊಂಡು, ಮೊಣಕಾಲಿಗೆ ಪ್ಯಾಡು ಕಟ್ಟಿಕೊಂಡು ಗಂಭೀರವಾಗಿ ತೂಗುತ್ತಿದ್ದ ನನ್ನನ್ನು ನೋಡಿ ಪಕ್ಕದ ಮನೆಯಾಕೆ ಬೇಲಿಯ ಬಳಿ ಬಂದು, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ವಿಚಾರಿಸಿದಳು. ಟೆದರನ್ನು ಕೊಂಚ ಮೇಲೆ ಕಟ್ಟಿದರೆ ಕೂತಂತಾಗುತ್ತದೆ, ಕೆಳಗೆ ಕಟ್ಟಿದರೆ ವಾಲಿ ನಿಂತಂತೆ. ಎರಡರಲ್ಲೂ ಸೊಂಟ ಹಿಂಡುತ್ತದೆ, ಹಿಂಡುವ ಜಾಗ ಬೇರೆ, ಅಷ್ಟೇ.

ಅಕ್ಟೋಬರ್ ಬಂತು. ಆಫೀಸಿನ ಗೆಳೆಯ ಇಪ್ಪತ್ತು ಅಡಿ ಮೇಲೆ, ನಾನು ಪಕ್ಕದ ಓಕ್ ಮರದಲ್ಲಿ, ಮನೆಯ ನಿಯಮದಂತೆ ಬೈಸಿಕೊಳ್ಳುವ ಎತ್ತರದಲ್ಲಿ. ಅವನ ಟೆದರಿನಲ್ಲಿ ಬರೀ ಗಂಟು. ನನ್ನದರಲ್ಲಿ ಹೊಳೆಯುವ ಯುರೋಪು. ಬೆಳಕು ಹರಿಯುವ ಹೊತ್ತಿಗೆ ಜಿಂಕೆ ಬಂತು. ನಿಂತಿತು. ಗೆಳೆಯ ಬಿಲ್ಲು ಎತ್ತಿದ. ನಾನು ಫೋಟೋಕ್ಕೆಂದು ತುಸು ತಿರುಗಲು ಉಪಕರಣವನ್ನು ಅರ್ಧ ಇಂಚು ಸರಿಸಿದೆ. ಅದು ಹೋಗಿ ಕ್ಯಾರಾಬೈನರಿಗೆ ಬಡಿಯಿತು, ಟಣ್!

ನನ್ನ ಮೊಬೈಲಿನಲ್ಲಿ ಬಿಳಿ ಬಾಲವೊಂದರ ಸ್ಪಷ್ಟ ಚಿತ್ರವಿದೆ. ವಾಪಸು ಬರುವಾಗ ಕಾರಿನಲ್ಲಿ ಗೆಳೆಯ ಹವಾಮಾನದ ಬಗ್ಗೆಯೂ ಮಾತಾಡಲಿಲ್ಲ. ಲೋಹದ ಮೇಲೆ ಮೆತ್ತನೆಯ ಪಟ್ಟಿ ಸುತ್ತಿ ಸದ್ದಡಗಿಸುವ ಪದ್ಧತಿ ಇದೆಯಂತೆ. ಅದನ್ನು ಕೂಡಲೇ ತರಿಸಿದೆ.

ಪಟ್ಟಿ ಬಂದ ದಿನ ಬೇಸ್‌ಮೆಂಟಿನಲ್ಲಿ ಸ್ಯಾಡಲ್ಲೇ ಇಲ್ಲ. ಹುಡುಕುತ್ತ ಹಿತ್ತಲಿಗೆ ಬಂದರೆ ಇವಳು ಮೇಪಲ್ ಮರಕ್ಕೆ ಪಾದ ಊರಿ, ಹಾಯಾಗಿ ವಾಲಿ, ಬೆಂಗಳೂರಿನ ತಂಗಿಯ ಜೊತೆ ಫೋನಿನಲ್ಲಿದ್ದಳು. ಟೆದರ್ ಬಿಗಿಯಾಗಿತ್ತು. ಅದರ ಮೇಲೆ ಅಚ್ಚುಕಟ್ಟಾದ ಡಿಸ್ಟೆಲ್ ಗಂಟು. ನನ್ನ ಉಪಕರಣಗಳೆಲ್ಲ ಹುಲ್ಲಿನ ಮೇಲೆ ಒಂದು ಚೀಲದಲ್ಲಿದ್ದವು, ರಸೀದಿಗಳ ಸಮೇತ.

“ಬೆನ್ನಿಗೆ ಎಷ್ಟು ಹಿತವಾಗಿದೆ ರೀ” ಅಂದಳು, ಫೋನಿಗೆ ಕೈ ಅಡ್ಡ ಹಿಡಿದು. “ಅದಿರಲಿ, ಈ ಚೀಲದಲ್ಲಿರೋದೆಲ್ಲ ಸೇರಿ ಎಷ್ಟಾಯ್ತು?”

“ಇಪ್ಪತ್ತೆರಡು ಕಿಲೋನ್ಯೂಟನ್.”

“ಡಾಲರಿನಲ್ಲಿ ಹೇಳಿ.”