ಗುರುತಿಲ್ಲದ ನಂಬರಿನ ಮಹನೀಯರಿಗೆ

ಮಾನ್ಯರೆ,

ನಿಮ್ಮ ಹೆಸರು ಗೊತ್ತಿಲ್ಲ. ಬೆಳಿಗ್ಗೆ ಬ್ಯಾಂಕ್ ಮ್ಯಾನೇಜರ್, ಮಧ್ಯಾಹ್ನ ಕೊರಿಯರಿನವರು, ಸಂಜೆಗೆ ಸಿಬಿಐ ಅಧಿಕಾರಿ ಆಗಿರುತ್ತೀರಿ. ನಮ್ಮ ಯಕ್ಷಗಾನ ಮೇಳದ ಕಲಾವಿದರಿಗೂ ಒಂದೇ ರಾತ್ರಿ ಇಷ್ಟು ವೇಷ ಕಟ್ಟುವುದು ಕಷ್ಟ ಮಾರಾಯ್ರೆ.

ನನ್ನ ದೂರು ಹಣದ್ದಲ್ಲ, ಅದನ್ನು ಪೊಲೀಸರು ನೋಡಿಕೊಳ್ಳಲಿ. ದೂರು ಮರ್ಯಾದೆಯದ್ದು. ಪರಿಚಯವಿಲ್ಲದವರ ಹತ್ತಿರ ಹಣದ ಮಾತು ಎತ್ತುವುದು ಹೇಗೆ ಎನ್ನುವ ವಿದ್ಯೆಯಲ್ಲಿ ಉಡುಪಿ ಪಳಗಿದ ಊರು. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇಲ್ಲೊಂದು ಬ್ಯಾಂಕು ಕಟ್ಟಿದರು. 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಇನ್ನೊಂದು. ಮುಂದೆ ಮಣಿಪಾಲದಲ್ಲಿ ನೆಲೆಯೂರಿದ ಸಿಂಡಿಕೇಟ್ ಬ್ಯಾಂಕ್ ಅದೇ. 1928ರಲ್ಲಿ ಅದು ಪಿಗ್ಮಿ ಶುರು ಮಾಡಿತು: ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರೇ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಾರೆ. ಆ ಕಾಲಕ್ಕೆ ಅದೂ ಹೊಸ ತಂತ್ರಜ್ಞಾನವೇ. ಬೆವರಿನ ದುಡ್ಡನ್ನು ಯಾವನೋ ಚೀಲದವನ ಕೈಗೆ ಕೊಡುವುದೆಂದರೆ ಅನುಮಾನ ಬಾರದೆ ಇದ್ದೀತೇ?

ಅನುಮಾನ ಕಳೆದದ್ದು ಹೇಗೆಂದು ತಿಳಿಯಬೇಕಾದರೆ ಕಾರ್ಕಳದ ಪೇಟೆಗೆ ಬನ್ನಿ. ಪಿಗ್ಮಿಯವರು ಅಂಗಡಿಗೆ ಬಂದರೆ ಗಲ್ಲಾದ ಎದುರು ನಿಲ್ಲುವುದಿಲ್ಲ, ಗಿರಾಕಿಗೆ ದಾರಿ ಬಿಟ್ಟು ಬದಿಗೆ ನಿಲ್ಲುತ್ತಾರೆ. ಧನಿಗಳು ಪೊಟ್ಟಣ ಕಟ್ಟಿ ಮುಗಿಸುವವರೆಗೆ ಬಾಯಿ ತೆರೆಯುವುದಿಲ್ಲ. ಆಮೇಲೆ ತುಳುವಿನಲ್ಲಿ ಬರುವ ಪ್ರಶ್ನೆ, ‘ಒಣಸ್ ಆಂಡಾ?’, ಊಟ ಆಯ್ತಾ ಎಂದು. ಮಗಳ ಪರೀಕ್ಷೆ, ಅಡಿಕೆಯ ರೇಟು, ಮಳೆ. ದುಡ್ಡಿನ ಸುದ್ದಿಯೇ ಇಲ್ಲ. ಮಾತಿನ ಮಧ್ಯೆ ಧನಿಗಳ ಕೈ ತಾನಾಗಿ ಗಲ್ಲಾಕ್ಕೆ ಹೋಗುತ್ತದೆ. ವ್ಯಾಪಾರ ಇಲ್ಲದ ದಿನ ‘ನಾಳೆ ನೋಡುವ’ ಎಂದರೆ, ಅವರು ತಲೆಯಾಡಿಸಿ ಮುಂದಿನ ಅಂಗಡಿಗೆ.

ನೀವೋ, ಫೋನ್ ಎತ್ತುವ ಮೊದಲೇ ‘ಖಾತೆ ಬ್ಲಾಕ್ ಆಗುತ್ತದೆ, ಒಟಿಪಿ ಹೇಳಿ’ ಎನ್ನುತ್ತೀರಿ. ಒಂದು ‘ಊಟ ಆಯ್ತಾ’ ಬೇಡವೇ?

ಮೊನ್ನೆ ಕಾಪುವಿನ ನಮ್ಮ ದೊಡ್ಡಮ್ಮನನ್ನು ನೀವು ‘ಡಿಜಿಟಲ್ ಅರೆಸ್ಟ್’ ಮಾಡಿದಿರಂತೆ. ಯೂನಿಫಾರ್ಮ್ ತೊಟ್ಟು, ಹಿಂದೆ ಬಾವುಟ ಇಟ್ಟುಕೊಂಡು, ಕೋಣೆ ಬಿಟ್ಟು ಕದಲಬಾರದು ಎಂದಿರಿ. ದೊಡ್ಡಮ್ಮ ಕೇಳಿದ್ದು ಇಷ್ಟೆ: ‘ಆಯ್ತು. ಈಗ ಮೀನಿನವಳು ಬರುವ ಹೊತ್ತು. ಜಗಲಿಯವರೆಗೆ ಹೋಗಬಹುದಾ ಇಲ್ವಾ, ಅದು ಹೇಳಿ. ಮತ್ತೆ ನೀವು ಯಾವ ಸ್ಟೇಷನ್ನಿನವರು, ಕಾಪುವಾ, ಪಡುಬಿದ್ರಿಯಾ? ನಿಮ್ಮ ಊರು ಯಾವುದಾಯ್ತು?’ ನೀವು ಫೋನ್ ಇಟ್ಟುಬಿಟ್ಟಿರಿ. ಊರು ಕೇಳಿದವರಿಗೆ ಊರು ಹೇಳದವರನ್ನು ನಮ್ಮಲ್ಲಿ ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಥ ಅರೆಸ್ಟು ಕಾನೂನಿನಲ್ಲೇ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ರೇಡಿಯೋದಲ್ಲಿ ಹೇಳಿದ್ದರು. ದೊಡ್ಡಮ್ಮ ಅದನ್ನು ಕೇಳಿರಲಿಲ್ಲ, ಬೇಕಾಗಲೂ ಇಲ್ಲ. ಹೆದರುವವರು ಹೆಚ್ಚಾಗಿ ನಮ್ಮಂಥ ಓದಿದವರು. ಆಧಾರ್, ಪಾರ್ಸೆಲ್, ಮನಿ ಲಾಂಡರಿಂಗ್ ಎಂದರೆ ಏನೆಂದು ಅರ್ಧಂಬರ್ಧ ಗೊತ್ತಿರುತ್ತದಲ್ಲ!

ನಿಮ್ಮಿಂದಾಗಿ ಸೊರಗಿದವರು ಯಾರು ಗೊತ್ತೇ? ಅದೇ ಪಿಗ್ಮಿಯವರು. ಈಗ ಅವರ ಕೈಯಲ್ಲಿ ಪುಟ್ಟ ಮೆಷಿನ್. ಮೊತ್ತ ಒತ್ತಿದರೆ ಚೀಟಿ ಬರುತ್ತದೆ, ಮೊಬೈಲಿಗೆ ಮೆಸೇಜೂ ಬರುತ್ತದೆ. ‘ಬಂತಾ ನೋಡಿ’ ಎನ್ನುತ್ತಾರೆ ಅವರು. ಬ್ಯಾಂಕಿನ ಹೆಸರಿನ ಮೆಸೇಜನ್ನು ತಾನು ತೆರೆಯುವುದೇ ಇಲ್ಲ ಎನ್ನುತ್ತಾರೆ ಧನಿಗಳು. ಕೊನೆಗೆ ನಂಬಿಕೆ ಉಳಿಯುವುದು ಎದುರು ನಿಂತ ಮನುಷ್ಯನ ಮೇಲೆ. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಅದೇ ಮೆಷಿನ್ ಹಿಡಿದು ಹೊಸ ಲೇಔಟಿಗೆ ಹೋದರೆ ಗೇಟೇ ತೆರೆಯುವುದಿಲ್ಲ, ಒಳಗಿನಿಂದ ಕ್ಯಾಮೆರಾ ಮಾತ್ರ ನೋಡುತ್ತದೆ.

ಆದ್ದರಿಂದ ಇನ್ನು ಮುಂದೆ ಫೋನ್ ಬೇಡ. ಖುದ್ದಾಗಿ ಬನ್ನಿ. ಚಪ್ಪಲಿ ಮೆಟ್ಟಿಲ ಕೆಳಗೆ ಬಿಡಿ. ಬೆಲ್ಲ, ನೀರು ಕೊಡುತ್ತೇವೆ. ನೀವು ಬೆಲ್ಲ ಕಚ್ಚಿ ಮುಗಿಸುವುದರೊಳಗೆ ನಾವು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಮುಗಿಸಿರುತ್ತೇವೆ.

ಇಂತಿ,
ಉಡುಪಿಯ ಒಬ್ಬ ಖಾತೆದಾರ

ಪ್ರತಿ: ಎಲ್ಲ ಅಸಲಿ ಬ್ಯಾಂಕುಗಳಿಗೆ. ‘ಇಂದೇ ಕೆವೈಸಿ ಮಾಡದಿದ್ದರೆ ಖಾತೆ ಸ್ಥಗಿತ’ ಎಂದು ಲಿಂಕ್ ಸಮೇತ ಬಂದ ಮೆಸೇಜನ್ನು ನಾನು ಅಳಿಸಿಹಾಕಿದ್ದೆ. ಅದು ನಿಮ್ಮದೇ ಅಂತೆ. ಈಗ ಖಾತೆ ಸ್ಥಗಿತವಾಗಿದೆ.