ಎಲೆಗೊಂದು ಹೆಸರು

ಆರತಕ್ಷತೆಯ, ಅಂದರೆ ವಧೂವರರನ್ನು ವೇದಿಕೆಯಲ್ಲಿ ಕೂರಿಸಿ ಬಂಧುಮಿತ್ರರು ಹರಸುವ ಸಮಾರಂಭದ, ಊಟಕ್ಕೆಂದು ಬೆಂಗಳೂರಿನ ಛತ್ರವೊಂದರಲ್ಲಿ ಆಸನಚೀಟಿಗಳು, ಎಂದರೆ ಯಾರು ಎಲ್ಲಿ ಕೂರಬೇಕೆಂಬುದನ್ನು ಸೂಚಿಸುವ ಚೀಟಿಗಳು, ಸಿದ್ಧವಾಗುತ್ತಿದ್ದಾಗ ವಧುವಿನ ತಂದೆಗೂ ಅಡುಗೆ ಭಟ್ಟರಿಗೂ ನಡೆದ ಸಂವಾದವಿದು.

ಯಜಮಾನರು: ಭಟ್ಟರೇ, ಪ್ರತಿ ಎಲೆಗೂ ಹೆಸರಿರಬೇಕು.

ಭಟ್ಟರು: ಇರುತ್ತದೆ ಸ್ವಾಮಿ, ಕೋಸಂಬರಿಗೆಂದು ಆಗಲೇ ನೆನೆಹಾಕಿಯಾಗಿದೆ.

ಯಜಮಾನರು: ಬೇಳೆಯಲ್ಲ, ಅತಿಥಿಗಳ ಹೆಸರು! ಖರ್ಚು ಉಳಿಸಲೆಂದು ಅಡಿಕೆ ಹಾಳೆಯನ್ನು, ಅಂದರೆ ಮರದಿಂದ ತಾನಾಗಿ ಕಳಚಿ ಬೀಳುವ ಸೋಗೆಯ ಬುಡವನ್ನು, ಕತ್ತರಿಸಿ ಚೀಟಿ ಮಾಡಿಸಲಾಗಿದೆ. ಹಾಳೆ ಪುಕ್ಕಟೆ, ಬರೆಯುವ ಕಲಾವಿದರಿಗೆ ಮಾತ್ರ ಹೆಸರಿಗಿಷ್ಟೆಂದು ಸಂಭಾವನೆ.

ಭಟ್ಟರು: ದೊಡ್ಡ ಉಳಿತಾಯವೇ. ಪಾಯಸದ ಗೋಡಂಬಿಯನ್ನು ನಿನ್ನೆ ಪಟ್ಟಿಯಿಂದ ಹೊಡೆದುಹಾಕಿದ್ದು ಈ ಉಳಿತಾಯಕ್ಕೆ ಹಣ ಸಾಲದೆ ಇದ್ದುದರಿಂದಲೋ?

ಯಜಮಾನರು: ನಗಬೇಡಿ. ಇನ್ನು ಮುಂದೆ ನೂಕುನುಗ್ಗಲಿಲ್ಲದೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲೇ ಕೂರುತ್ತಾರೆ.

ಭಟ್ಟರು: ಸಂತೋಷ. ಆದರೆ ಮೊದಲ ಪಂಕ್ತಿಯವರು, ಎಂದರೆ ಸಾಲಾಗಿ ಒಮ್ಮೆಗೇ ಉಣ್ಣುವವರು, ಮಜ್ಜಿಗೆಗೆ ಬರುವುದನ್ನೇ ಕಾಯುತ್ತ ಪ್ರತಿ ಕುರ್ಚಿಯ ಹಿಂದೆ ನಾಲ್ವರು ನಿಂತಿರುತ್ತಾರಲ್ಲ, ಅವರಿಗೆ ನಿಲ್ಲುವ ಚೀಟಿಗಳನ್ನು ಎಲ್ಲಿ ಬರೆಸಿದ್ದೀರಿ?